ಚಳಿಗೆ ಇಳಿದ ಮುಳ್ಳು

ಪೀರಪ್ಪನವರು ಕೆಲಸದ ದಿನ ತಲೆಗೆ ಎಣ್ಣೆ ಹಚ್ಚುತ್ತಿರಲಿಲ್ಲ. ಆಮ್ಲಜನಕ ತುಂಬುವ ಜಾಗದಲ್ಲಿ ಎಣ್ಣೆಯ ಪಸೆ ಸೋಕಿದರೂ ಬೆಂಕಿ ಹೊತ್ತಿಕೊಳ್ಳಬಹುದು ಎಂದು ಕೆಲಸಕ್ಕೆ ಸೇರಿದ ಮೊದಲ ದಿನ ಯಾರೋ ಹೇಳಿದ್ದರು. ಉಳಿದವರು ಆ ಮಾತನ್ನು ಒಂದು ತಿಂಗಳು ಪಾಲಿಸಿ ಮರೆತರು. ಇವರು ಮರೆಯಲಿಲ್ಲ. ಅವರ ಹೆಂಡತಿ ಜಟ್ಟೆಮ್ಮ ಒಮ್ಮೆ ನನ್ನ ಹತ್ತಿರ, "ಐತವಾರ ಒಂದಿನ ಅಷ್ಟೇ ನೋಡ್ರಿ, ನಮ್ಮ ಮನಿಯವ್ರ ತಲಿ ಮನಷ್ಯಾರ ತಲಿಯಂಗ ಕಾಣೋದು" ಎಂದು ದೂರಿದ್ದರು. ದೂರುವಾಗಲೂ ಅವರ ದನಿಯಲ್ಲಿ ಒಂದಿಷ್ಟು ಹೆಮ್ಮೆ ಇತ್ತು.

ನಾನು ಪೀರಪ್ಪನವರನ್ನು ಮೊದಲು ನೋಡಿದ್ದು ಒಂದು ಭಾನುವಾರ, ೧೯೯೬ರ ಜುಲೈನಲ್ಲಿ. ಆಗ ನಾನು ಹಲಸೂರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದೆ. ನಮ್ಮ ಮನೆ ಜೀವನ್ ಬಿಮಾ ನಗರದಲ್ಲಿ. ಹತ್ತನೇ ತರಗತಿ ಮುಗಿಸದೆ ಕೆಲಸಕ್ಕೆ ಸೇರಿದ ದೊಡ್ಡವರಿಗಾಗಿ ನಾವು ಮೂರು ಜನ ಗೆಳತಿಯರು ಬೈಯಪ್ಪನಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಭಾನುವಾರದ ಪಾಠ ಶುರುಮಾಡಿದ್ದೆವು. ಎಸ್ಸೆಸ್ಸೆಲ್ಸಿಯನ್ನು ಖಾಸಗಿಯಾಗಿ ಕಟ್ಟಿಸುವುದು ನಮ್ಮ ಉದ್ದೇಶ. ಮೊದಲ ದಿನ ಹನ್ನೊಂದು ಜನ ಬಂದರು. ಒಂದನೇ ತರಗತಿಯ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಹಿಡಿಸದೆ ಅಡ್ಡಡ್ಡ ಕುಳಿತ ಆ ದೊಡ್ಡ ಆಳುಗಳ ನಡುವೆ ಪೀರಪ್ಪ ಮಾತ್ರ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಮಡಿಲಲ್ಲಿ ಇನ್ನೂರು ಪುಟದ ಹೊಸ ನೋಟ್ ಪುಸ್ತಕ.

ಅವರ ಊರು ಶಹಾಪುರದ ಕಡೆ. ಏಳನೇ ತರಗತಿಯವರೆಗೆ ಓದಿ, ಇಪ್ಪತ್ತೆರಡನೇ ವಯಸ್ಸಿನಲ್ಲಿ ಭಾವಮೈದುನ ಈರೇಶನ ಜೊತೆ ಬೆಂಗಳೂರಿಗೆ ಬಂದು, ಎರಡು ವರ್ಷ ರೈಲ್ವೆ ಗೂಡ್ಸ್‌ನಲ್ಲಿ ಮೂಟೆ ಇಳಿಸಿದರು. ಆಮೇಲೆ ಕೆ.ಆರ್. ಪುರದ ಆಚೆ ಇದ್ದ ಒಂದು ಸಣ್ಣ ಗ್ಯಾಸ್ ಘಟಕಕ್ಕೆ ಸಿಲಿಂಡರ್ ಹೊರುವ ಕೆಲಸಕ್ಕೆ ಸೇರಿದರು. ಅಲ್ಲಿ ವೆಲ್ಡಿಂಗ್ ಅಂಗಡಿಗಳಿಗೂ ಕೆಲವು ಆಸ್ಪತ್ರೆಗಳಿಗೂ ಆಮ್ಲಜನಕ ತುಂಬಿ ಕೊಡುತ್ತಿದ್ದರು. ಯಜಮಾನರು ಶಿವಾಜಿನಗರದ ಶೌಕತ್ ಸಾಹೇಬರು. ಪೀರಪ್ಪ ಸಿಲಿಂಡರನ್ನು ನೆಲಕ್ಕೆ ಬಡಿಯದೆ ಇಳಿಸುವುದನ್ನು ಒಂದು ವರ್ಷ ನೋಡಿ, ಅವರನ್ನು ತುಂಬುವ ಕೆಲಸಕ್ಕೆ ಹಾಕಿದರು.

ಆ ಕೆಲಸ ಹೀಗೆ. ಹತ್ತು ಸಿಲಿಂಡರ್‌ಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ತಾಮ್ರದ ಕೊಳವೆ ಬಿಗಿದು, ಯಂತ್ರದಿಂದ ಆಮ್ಲಜನಕವನ್ನು ಒತ್ತಿ ತುಂಬಬೇಕು. ಗಡಿಯಾರದಂಥ ಮಾಪಕದ ಮುಳ್ಳು ನೂರೈವತ್ತಕ್ಕೆ, ಅಂದರೆ ಹೊರಗಿನ ಗಾಳಿಯ ಒತ್ತಡದ ಸುಮಾರು ನೂರೈವತ್ತು ಪಟ್ಟಿಗೆ, ಬಂದಾಗ ನಿಲ್ಲಿಸಬೇಕು. ತುಂಬುವಾಗ ಪೀರಪ್ಪ ಸಾಲಿನುದ್ದಕ್ಕೂ ನಡೆಯುತ್ತ ಪ್ರತಿಯೊಂದು ಸಿಲಿಂಡರಿನ ಮೇಲೂ ಅಂಗೈ ಇಡುತ್ತಿದ್ದರು. ಅನಿಲ ಒಳಗೆ ಹೋಗುತ್ತಿದ್ದರೆ ಉಕ್ಕು ಬೆಚ್ಚಗಾಗುತ್ತದೆ. ಯಾವುದಾದರೂ ಒಂದು ತಣ್ಣಗೇ ಇದ್ದರೆ ಅದರ ವಾಲ್ವು ಕಟ್ಟಿಕೊಂಡಿದೆ ಎಂದರ್ಥ. ಇದನ್ನು ಅವರಿಗೆ ಯಾರೂ ಪಾಠ ಮಾಡಿರಲಿಲ್ಲ.

ನಮ್ಮ ಭಾನುವಾರದ ತರಗತಿಯಲ್ಲಿ ಅನಿಲ ನಿಯಮಗಳು ಬಂದಾಗ ಎರಡನೇ ವರ್ಷ ನಡೆಯುತ್ತಿತ್ತು, ೧೯೯೭ರ ಸೆಪ್ಟೆಂಬರ್. ಹನ್ನೊಂದು ಜನರಲ್ಲಿ ಐವರು ಉಳಿದಿದ್ದರು. ನಾನು ಹದಿನಾಲ್ಕು ವರ್ಷಗಳಿಂದ ಹೇಳುತ್ತ ಬಂದ ಪಾಠ ಅದು. ಬೋರ್ಡಿನ ಮೇಲೆ ಇಳಿಜಾರಾದ ಗೆರೆ ಎಳೆದು, "ಒತ್ತಡ ಹೆಚ್ಚಾದರೆ ಗಾತ್ರ ಕಡಿಮೆ, ಒತ್ತಡ ಕಡಿಮೆಯಾದರೆ ಗಾತ್ರ ಹೆಚ್ಚು, ಇದು ಬಾಯ್ಲ್‌ನ ನಿಯಮ" ಎಂದೆ. ಎಲ್ಲರೂ ಬರೆದುಕೊಂಡರು. ಪೀರಪ್ಪ ಮಾತ್ರ ಪೆನ್ನು ಕೆಳಗಿಟ್ಟರು.

"ಮೇಡಮ್ರ, ಒಂದ್ ಮಾತು ಕೇಳ್ಲ್ಯಾ?"

"ಕೇಳಿ."

"ನಾ ದಿನಾ ಸೊನ್ನಿಯಿಂದ ನೂರೈವತ್ತರ ತನಕ ಒತ್ತಡ ಏರಸ್ತೀನ್ರಿ. ಸಿಲಿಂಡರ್ ಅಷ್ಟೇ ಇರ್ತದ. ಒಂದು ಕೂದಲೆಳಿಯಷ್ಟೂ ಸಣ್ಣದಾಗಂಗಿಲ್ಲ. ಈ ನಿಯಮ ನಮ್ಮ ಪ್ಲಾಂಟಿಗೆ ಹತ್ತಂಗಿಲ್ಲೇನ್ರಿ?"

ಯಾರೋ ನಕ್ಕರು. ನಾನು ನಗಲಿಲ್ಲ. ಹದಿನಾಲ್ಕು ವರ್ಷಗಳಲ್ಲಿ ಯಾವ ವಿದ್ಯಾರ್ಥಿಯೂ ಈ ಪ್ರಶ್ನೆ ಕೇಳಿರಲಿಲ್ಲ. ಮುಂದಿನ ವಾರ ಹೇಳುತ್ತೇನೆ ಎಂದೆ. ಮನೆಗೆ ಬಂದು ಪಠ್ಯಪುಸ್ತಕ ತೆರೆದರೆ ಉತ್ತರ ನಿಯಮದ ಮೊದಲ ಸಾಲಿನಲ್ಲೇ ಇತ್ತು: "ಸ್ಥಿರ ತಾಪದಲ್ಲಿ, ಒಂದು ನಿರ್ದಿಷ್ಟ ಪ್ರಮಾಣದ ಅನಿಲದ..." ನಾವೆಲ್ಲ ಬಾಯಿಪಾಠ ಹೇಳುವ ಭರದಲ್ಲಿ ದಾಟಿ ಹೋಗುವ ಮಾತು ಅದು.

ಮುಂದಿನ ಭಾನುವಾರ ಔಷಧಿ ಅಂಗಡಿಯಿಂದ ಸೂಜಿಯಿಲ್ಲದ ದೊಡ್ಡ ಸಿರಿಂಜ್ ತಂದು ಪೀರಪ್ಪನವರ ಕೈಗೆ ಕೊಟ್ಟೆ. ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಲು ಹೇಳಿದೆ. ಗಾಳಿ ಅರ್ಧಕ್ಕೆ ಕುಗ್ಗಿತು. ಇನ್ನೂ ಒತ್ತಿದರೆ ಬೆರಳನ್ನು ತಳ್ಳಿತು. ಅವರು ನಾಲ್ಕೈದು ಸಲ ಒತ್ತಿ, ಬಿಟ್ಟು, ಮತ್ತೆ ಒತ್ತಿ ನೋಡಿದರು.

"ಇಲ್ಲಿ ಒಳಗಿನ ಗಾಳಿ ಎಷ್ಟಿತ್ತೋ ಅಷ್ಟೇ ಇದೆ" ಎಂದೆ. "ನೀವು ಪ್ಲಾಂಟಿನಲ್ಲಿ ಹೊಸ ಗಾಳಿ ತುಂಬ್ತಾ ಹೋಗ್ತೀರಿ. ಅದಕ್ಕೇ ಅಲ್ಲಿ ಗಾತ್ರ ಬದಲಾಗದೆ ಒತ್ತಡ ಏರುತ್ತೆ."

ಅವರು ಬೆರಳು ತೆಗೆಯದೆ ಯೋಚಿಸಿದರು. "ಹಂಗಂದ್ರ ಮೊದಲನೇ ಷರತ್ತು, ಒಳಗಿನ ಮಾಲು ಹೆಚ್ಚೂ ಆಗಬಾರದು, ಕಡಿಮಿನೂ ಆಗಬಾರದು. ಅದು ಗಟ್ಟಿಯಾದ್ರಷ್ಟೇ ಉಳಿದದ್ದು ಮಾತಾಡ್ಲಿಕ್ಕಿ ಬರ್ತದ."

ಇದಕ್ಕಿಂತ ಚೆನ್ನಾಗಿ ನಾನು ಹೇಳಿಕೊಟ್ಟಿರಲಿಲ್ಲ. ಆ ವಾಕ್ಯವನ್ನು ಮರುದಿನ ಕಾಲೇಜಿನಲ್ಲಿ ಅವರ ಹೆಸರು ಹೇಳಿಯೇ ಬಳಸಿದೆ.

ಅದೇ ವರ್ಷ ನವೆಂಬರಿನಲ್ಲಿ ಪೀರಪ್ಪನವರ ಮೇಲೆ ಕಳ್ಳತನದ ಸಂಶಯ ಬಂತು.

ಕಾಕ್ಸ್ ಟೌನಿನ ಒಂದು ನರ್ಸಿಂಗ್ ಹೋಮಿಗೆ ಶೌಕತ್ ಸಾಹೇಬರ ಘಟಕದಿಂದ ಆಮ್ಲಜನಕ ಹೋಗುತ್ತಿತ್ತು. ಅಲ್ಲಿಗೆ ಹೊಸದಾಗಿ ಸ್ಟೋರ್ಸ್ ನೋಡಿಕೊಳ್ಳಲು ಅನಂತರಾಮು ಎಂಬುವವರು ಬಂದಿದ್ದರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಅಳೆಯದೆ ಯಾವುದನ್ನೂ ಒಳಗೆ ಬಿಡುವವರಲ್ಲ. ಬೆಳಗಿನ ಆರು ಗಂಟೆಗೆ ಲಾರಿ ಬಂದಾಗ ತಮ್ಮದೇ ಮಾಪಕ ಹಚ್ಚಿ ಪ್ರತಿ ಸಿಲಿಂಡರನ್ನೂ ನೋಡಿದರು. ನೂರೈವತ್ತು ಇರಬೇಕಾದ ಕಡೆ ನೂರಮೂವತ್ತು, ನೂರಮೂವತ್ತೆರಡು. ಎರಡು ವಾರ ಬರೆದಿಟ್ಟು, ಆಮೇಲೆ ಪತ್ರ ಕಳಿಸಿದರು. ಪ್ರತಿ ಸಿಲಿಂಡರಿನಲ್ಲಿ ಎಂಟರಲ್ಲೊಂದು ಪಾಲು ಅನಿಲ ಕಡಿಮೆ ಬರುತ್ತಿದೆ, ಶಸ್ತ್ರಚಿಕಿತ್ಸೆಯ ನಡುವೆ ಮುಗಿದುಹೋದರೆ ಹೊಣೆ ಯಾರು ಎಂದು ಅದರಲ್ಲಿತ್ತು.

ಆ ಲಾರಿಗೆ ಏರುತ್ತಿದ್ದದ್ದು ಸಂಜೆಯ ಪಾಳಿಯಲ್ಲಿ ತುಂಬಿದ ಸಿಲಿಂಡರ್‌ಗಳು. ಸಂಜೆಯ ಪಾಳಿ ಪೀರಪ್ಪನವರದು. ಸೋಪಿನ ನೀರು ಹಚ್ಚಿ ನೋಡಿದರೆ ಎಲ್ಲೂ ಸೋರಿಕೆ ಇಲ್ಲ. ಉಳಿದ ಕೆಲಸಗಾರರು ಮೊದಲು ಪಿಸುಗುಟ್ಟಿ, ಆಮೇಲೆ ಎದುರಿಗೇ ಆಡಿದರು: ಟಿನ್ ಫ್ಯಾಕ್ಟರಿ ಕಡೆಯ ವೆಲ್ಡಿಂಗ್ ಅಂಗಡಿಗಳಿಗೆ ಒಂದಿಷ್ಟು ಕದ್ದು ತುಂಬಿಕೊಡುತ್ತಿರಬೇಕು ಎಂದು.

ಶೌಕತ್ ಸಾಹೇಬರು ಪೀರಪ್ಪನವರನ್ನು ಕರೆಸಿ ಕೂರಿಸಿ ಮಾತಾಡಿದರು. ಆ ಮಾತನ್ನು ಪೀರಪ್ಪ ನನಗೆ ಹಾಗೆಯೇ ಒಪ್ಪಿಸಿದ್ದಾರೆ.

"ನೀನು ಕದ್ದಿಲ್ಲ, ನಂಗೊತ್ತು ಪೀರಪ್ಪ. ನಮ್ಮ ಅಬ್ಬಾ ಕಾಲದಿಂದ್ಲೂ ಹೇಳ್ತಾರೆ, ಚಳೀಲಿ ಮುಳ್ಳು ಇಳಿಯತ್ತೆ ಅಂತ. ಆದ್ರೆ ಎಷ್ಟು ಇಳಿಬೇಕು? ಐದಾ, ಹತ್ತಾ, ಇಪ್ಪತ್ತಾ? ಅದನ್ನ ಯಾರೂ ಹೇಳಿಲ್ಲ. ಆ ಅನಂತರಾಮು ಅವ್ರಿಗೆ ನಾನು ಏನಂತ ಬರೀಲಿ? ನಂಬಿಕೆ ಇದೆ ಅಂತ ಬರೆದ್ರೆ ಅವ್ರು ಒಪ್ತಾರಾ?"

ಪೀರಪ್ಪ ಆ ಭಾನುವಾರ ಪಾಠಕ್ಕೆ ಎಲ್ಲರಿಗಿಂತ ಒಂದು ಗಂಟೆ ಮೊದಲೇ ಬಂದು ಶಾಲೆಯ ಮೆಟ್ಟಿಲ ಮೇಲೆ ಕುಳಿತಿದ್ದರು. ಮುಖ ಬಾಡಿತ್ತು. ನಡೆದದ್ದನ್ನೆಲ್ಲ ಹೇಳಿ, ನೋಟ್ ಪುಸ್ತಕ ಬಿಚ್ಚಿ ತೋರಿಸಿದರು. ಗಾತ್ರ ಬದಲಾಗದಿದ್ದರೆ ಅನಿಲದ ಒತ್ತಡ ತಾಪದ ಜೊತೆಗೆ ಅದೇ ಪ್ರಮಾಣದಲ್ಲಿ ಏರಿಳಿಯುತ್ತದೆ ಎಂದು ನಾನು ಅಕ್ಟೋಬರಿನಲ್ಲಿ ಹೇಳಿಕೊಟ್ಟಿದ್ದೆ. ಅವರು ತಾವೇ ಲೆಕ್ಕ ಹಾಕಿದ್ದರು. ಘಟಕದಲ್ಲಿದ್ದ ಹಳೆಯ ತಾಪಮಾಪಕವನ್ನು ತುಂಬಿದ ಸಿಲಿಂಡರಿಗೆ ಬಟ್ಟೆಯಿಂದ ಕಟ್ಟಿದಾಗ ಐವತ್ತೆರಡು ಡಿಗ್ರಿ. ಬೆಳಗಿನ ಜಾವ ಹದಿನೇಳು.

"ಹದಿನೇಳನ್ನ ಐವತ್ತೆರಡರಿಂದ ಭಾಗಸಿ, ನೂರೈವತ್ತರಿಂದ ಗುಣಸಿದೆ. ನಲವತ್ತೊಂಬತ್ತು ಬಂತ್ರಿ. ನನ್ನ ಲೆಕ್ಕದ ಪ್ರಕಾರ ಮುಳ್ಳು ನಲವತ್ತೊಂಬತ್ತಕ್ಕ ಇಳೀಬೇಕು. ಅದು ನೂರಮೂವತ್ತರ ಮ್ಯಾಲೇ ನಿಂತದ. ಹಂಗಿದ್ರ ನಿಯಮ ಸುಳ್ಳು, ಇಲ್ಲ ನಾ ಸುಳ್ಳು."

"ನೀವೂ ಸುಳ್ಳಲ್ಲ, ನಿಯಮನೂ ಸುಳ್ಳಲ್ಲ. ಸೊನ್ನೆ ತಪ್ಪಿದೆ" ಎಂದೆ.

ಮೆಟ್ಟಿಲ ಮೇಲೆಯೇ ಸೀಮೆಸುಣ್ಣದಿಂದ ಉದ್ದ ಗೆರೆ ಎಳೆದು ವಿವರಿಸಿದೆ. ನಾವು ದಿನಬಳಕೆಯಲ್ಲಿ ಸೊನ್ನೆ ಡಿಗ್ರಿ ಅನ್ನುವುದು ನೀರು ಹೆಪ್ಪುಗಟ್ಟುವ ಜಾಗ, ಅಷ್ಟೇ. ಶಾಖ ಅಲ್ಲಿಗೆ ಮುಗಿಯುವುದಿಲ್ಲ. ಅದಕ್ಕೂ ಇನ್ನೂರ ಎಪ್ಪತ್ತಮೂರು ಡಿಗ್ರಿ ಕೆಳಗೆ ನಿಜವಾದ ತಳ ಇದೆ. ಅನಿಲದ ಲೆಕ್ಕವನ್ನು ಆ ತಳದಿಂದ ಮಾಡಬೇಕು. ಆ ಅಳತೆಗೆ ಕೆಲ್ವಿನ್ ಎಂದು ಹೆಸರು.

ಪೀರಪ್ಪ ಗೆರೆಯನ್ನೇ ನೋಡುತ್ತ ಕುಳಿತರು. ನಾನು ಅರ್ಥವಾಗಲಿಲ್ಲವೇನೋ ಎಂದುಕೊಂಡು ಇನ್ನೊಮ್ಮೆ ಹೇಳಲು ಹೊರಟೆ. ಅವರು ಕೈ ಎತ್ತಿ ತಡೆದರು.

"ನಮ್ಮೂರಾಗ ಮೆಟ್ಟಿಲ ಬಾವಿ ಅದರಿ. ನೀರು ಎಷ್ಟದ ಅಂದ್ರ ಹುಡುಗ್ರು ನೀರಿನ ಮ್ಯಾಲ ಕಾಣೂ ಮೆಟ್ಟಿಲ ಎಣಸ್ತಾರ. ಎರಡು ಮೆಟ್ಟಿಲ ಇಳೀತು, ಮೂರು ಮೆಟ್ಟಿಲ ಇಳೀತು ಅಂತಾರ. ಖರೇ ನೀರು ಎಷ್ಟು ಉಳದದ ಅಂತ ಹೇಳಬೇಕಂದ್ರ ತಳದಿಂದ ಅಳೀಬೇಕು. ಇದೂ ಹಂಗೇ ಏನ್ರಿ?"

"ಹಾಗೇ."

ಅವರು ಪುಸ್ತಕ ಎಳೆದುಕೊಂಡು ಐವತ್ತೆರಡಕ್ಕೆ ಇನ್ನೂರ ಎಪ್ಪತ್ತಮೂರು ಕೂಡಿದರು, ಮುನ್ನೂರ ಇಪ್ಪತ್ತೈದು. ಹದಿನೇಳಕ್ಕೆ ಕೂಡಿದರು, ಇನ್ನೂರ ತೊಂಬತ್ತು. ಭಾಗಿಸಿ ಗುಣಿಸಿದಾಗ ನೂರ ಮೂವತ್ತನಾಲ್ಕು ಬಂತು. ಮೂರು ಸಲ ಮಾಡಿದರು, ಮೂರು ಸಲವೂ ಅದೇ. ಪೆನ್ನು ಮುಚ್ಚಿ ಜೇಬಿಗಿಟ್ಟುಕೊಂಡು, "ಹದಿನಾರು ಇಳೀಬೇಕು. ಅದು ಚಳಿಯ ಪಾಲು" ಎಂದರು. ಹಾಗೆ ಹೇಳಿದಾಗ ಅವರ ಬೆನ್ನು ನೆಟ್ಟಗಾದದ್ದನ್ನು ನಾನು ನೋಡಿದೆ.

ಕಾಗದದ ಲೆಕ್ಕ ಅನಂತರಾಮು ಅವರಿಗೆ ಸಾಲದು ಎಂದು ಪೀರಪ್ಪನವರಿಗೆ ಗೊತ್ತಿತ್ತು. ಎಲ್ಲರ ಎದುರಿಗೆ ಪರೀಕ್ಷೆ ಮಾಡಿ ತೋರಿಸುತ್ತೇನೆ, ಅವರನ್ನೇ ಕರೆಸಿ ಎಂದು ಶೌಕತ್ ಸಾಹೇಬರನ್ನು ಕೇಳಿದರು. ಸಾಹೇಬರು ಒಪ್ಪಿದರು. ಡಿಸೆಂಬರಿನ ಎರಡನೇ ಶನಿವಾರ ಸಂಜೆ ಐದು ಗಂಟೆಗೆ ನಾವು ನಾಲ್ವರು ಘಟಕದ ಅಂಗಳದಲ್ಲಿ ಸೇರಿದೆವು. ಅನಂತರಾಮು ತಮ್ಮ ಮಾಪಕ, ಸೀಸದ ಬಿಲ್ಲೆ, ಮುದ್ರೆ ಒತ್ತುವ ಇಕ್ಕಳಗಳ ಚೀಲ ತಂದಿದ್ದರು. ತೆಳ್ಳನೆಯ ಮನುಷ್ಯ, ಬಿಳಿ ಪಂಚೆ, ಮೇಲೊಂದು ಸ್ವೆಟರ್.

"ನೋಡಮ್ಮ, ನಾನು ಯಾರ ಮೇಲೂ ಅಪವಾದ ಹೊರಿಸಕ್ಕೆ ಬಂದಿಲ್ಲ" ಎಂದು ನನಗೆ ಮೊದಲೇ ಹೇಳಿದರು. "ನಂಗೆ ಬೇಕಾಗಿರೋದು ರೋಗಿಗೆ ಪೂರ್ತಿ ಸಿಲಿಂಡರ್. ಅಷ್ಟೇ."

ಪೀರಪ್ಪ ಒಂದು ಸಿಲಿಂಡರ್ ತುಂಬಿದರು. ಕಪ್ಪು ಮೈ, ಬಿಳಿ ಹೆಗಲು. ಅನಂತರಾಮು ತಮ್ಮ ಮಾಪಕ ಹಚ್ಚಿ ನೋಡಿದರು: ನೂರೈವತ್ತು. ಕಾಲೇಜಿನಿಂದ ನಾನು ತಂದ ತಾಪಮಾಪಕ ಐವತ್ತೆರಡು ತೋರಿಸಿತು. ಅಷ್ಟರಲ್ಲಿ ಅನಂತರಾಮು, "ತೂಕನೂ ಮಾಡಿ" ಎಂದರು. ಅದು ನಮಗಾರಿಗೂ ಹೊಳೆದಿರಲಿಲ್ಲ. ದೊಡ್ಡ ತಕ್ಕಡಿಯ ಮೇಲೆ ಉರುಳಿಸಿ ನಿಲ್ಲಿಸಿದರೆ ಅರವತ್ತಾರು ಕಿಲೋ ನಾನೂರು ಗ್ರಾಂ.

"ಇದರಲ್ಲಿ ಅನಿಲದ ತೂಕ ಎಷ್ಟಿರುತ್ತಮ್ಮ?"

"ಸುಮಾರು ಒಂಬತ್ತು ಕಿಲೋ."

"ಹಾಗಾದ್ರೆ ಎಂಟರಲ್ಲೊಂದು ಪಾಲು ಹೋದ್ರೆ ಒಂದು ಕಿಲೋಗೂ ಮೇಲೆ ತೂಕ ಇಳೀಬೇಕು. ಅಷ್ಟನ್ನ ಈ ತಕ್ಕಡಿ ಖಂಡಿತ ತೋರಿಸುತ್ತೆ." ಅವರು ವಾಲ್ವಿನ ಸುತ್ತ ತಂತಿ ಸುತ್ತಿ ಸೀಸದ ಬಿಲ್ಲೆ ಸಿಕ್ಕಿಸಿ ಮುದ್ರೆ ಒತ್ತಿದರು. ಸಿಲಿಂಡರನ್ನು ಬೀಗ ಹಾಕಿದ ಜಾಲರಿಯ ಒಳಗೆ ನಿಲ್ಲಿಸಿ ಬೀಗದ ಕೈಯನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಹೊರಡುವ ಮೊದಲು ಪೀರಪ್ಪ ಗೋಡೆಯ ಕಪ್ಪು ಹಲಗೆಯ ಮೇಲೆ ಒಂದು ಸಾಲು ಬರೆದರು: "ಹದಿನೇಳು ಡಿಗ್ರಿ ಇದ್ದರೆ ೧೩೪." ಅನಂತರಾಮು ಕನ್ನಡಕ ಏರಿಸಿ ಅದನ್ನು ಓದಿ, ತಮ್ಮ ಪುಸ್ತಕದಲ್ಲಿ ಬರೆದುಕೊಂಡು ಹೋದರು.

ಮರುದಿನ ಬೆಳಗಿನ ಆರು ಗಂಟೆಗೆ ಅಂಗಳದ ತುಂಬ ಮಂಜು. ಜಾಲರಿಯ ಕಂಬಿಗಳ ಮೇಲೆ ಹನಿ ಕೂತಿತ್ತು. ಅನಂತರಾಮು ಬೀಗ ತೆಗೆದು, ಮುದ್ರೆ ಮುರಿದಿಲ್ಲವೆಂದು ನೋಡಿ, ಮೊದಲು ತೂಕ ಮಾಡಿಸಿದರು. ಅರವತ್ತಾರು ಕಿಲೋ ನಾನೂರು ಗ್ರಾಂ. ಆಮೇಲೆ ಮುದ್ರೆ ಕತ್ತರಿಸಿ ಮಾಪಕ ಹಚ್ಚಿದರು. ತಾಪ ಹದಿನೇಳು. ಮುಳ್ಳು ನೂರ ಮೂವತ್ತೊಂದಕ್ಕೆ ನಿಂತಿತು.

"ಲೆಕ್ಕಕ್ಕಿಂತ ಮೂರು ಕಡಿಮೆ" ಎಂದರು ಅನಂತರಾಮು.

"ಮೂರು ಕಡಿಮಿ ಅದ, ಹೌದ್ರಿ" ಎಂದು ಪೀರಪ್ಪ ಒಪ್ಪಿಕೊಂಡರು. "ಯಾಕ ಅಂತ ನನಗ ಗೊತ್ತಿಲ್ಲ. ಆದ್ರ ತೂಕ ಇಳಿದಿಲ್ಲ. ಇನ್ನೊಂದು ಮಾತದ. ಮಾಪಕ ತೆಗೀಬ್ಯಾಡ್ರಿ, ಹಂಗೇ ಇರ್ಲಿ. ಸಿಲಿಂಡರ್ ಬಿಸಿಲಿಗೆ ಇಡೂಣು. ನೀವು ಇಲ್ಲೇ ಕುರ್ಚಿ ಹಾಕ್ಕೊಂಡು ಕೂಡ್ರಿ. ಯಾರೂ ಮುಟ್ಟೂದು ಬ್ಯಾಡ. ಕದ್ದ ಗಾಳಿ ಆಗಿದ್ರ ತಾನಾಗೇ ವಾಪಸ್ ಬರಂಗಿಲ್ಲ. ಚಳಿಗೆ ಇಳಿದದ್ದು ಆಗಿದ್ರ ಬಿಸಿಲಿಗೆ ಏರ್ತದ."

ಇದು ನಾನು ಹೇಳಿಕೊಟ್ಟ ಮಾತಲ್ಲ. ಪುಸ್ತಕದಲ್ಲೂ ಇಲ್ಲ.

ಸಿಲಿಂಡರನ್ನು ಅಂಗಳದ ನಡುವೆ ನಿಲ್ಲಿಸಿ ಸರಪಳಿ ಬಿಗಿದರು. ಸಾಹೇಬರು ಚಹಾ ಮತ್ತು ಬನ್ ತರಿಸಿದರು. ಎಂಟೂವರೆಗೆ ಮಂಜು ಕರಗಿ ಬಿಸಿಲು ಬಂತು. ಒಂಬತ್ತೂವರೆಗೆ ಮುಳ್ಳು ನೂರ ಮೂವತ್ತನಾಲ್ಕು. ಹನ್ನೊಂದಕ್ಕೆ ನೂರ ಮೂವತ್ತೊಂಬತ್ತು. ಅನಂತರಾಮು ಅರ್ಧ ಗಂಟೆಗೊಮ್ಮೆ ಎದ್ದು ಬಂದು ಓದಿ, ಗಂಟೆ ಸಮೇತ ಬರೆದುಕೊಂಡರು. ಸುದ್ದಿ ತಿಳಿದು ರಜೆಯ ದಿನವೂ ಮೂರ್ನಾಲ್ಕು ಜನ ಕೆಲಸಗಾರರು ಬಂದು ಗೇಟಿನ ಬಳಿ ನಿಂತಿದ್ದರು. ಕದ್ದಿದ್ದಾರೆ ಎಂದು ಆಡಿದವರೂ ಅವರಲ್ಲಿದ್ದರು.

ಮಧ್ಯಾಹ್ನ ಒಂದು ಗಂಟೆಗೆ ಕಪ್ಪು ಉಕ್ಕು ಅಂಗೈಗೆ ಚೆನ್ನಾಗಿ ಬೆಚ್ಚಗೆ ತಾಗುವಷ್ಟು ಕಾದಿತ್ತು. ತಾಪ ನಲವತ್ತೊಂದು. ಪೀರಪ್ಪ ಮುಳ್ಳು ನೋಡದೆ, ಅದಕ್ಕೆ ಬೆನ್ನು ಹಾಕಿ ನಿಂತು, ನೋಟ್ ಪುಸ್ತಕದಲ್ಲಿ ಲೆಕ್ಕ ಮಾಡಿ, "ನೂರ ನಲವತ್ತೈದು ಇರಬೇಕು" ಎಂದರು.

ಅನಂತರಾಮು ಬಗ್ಗಿ ಓದಿದರು. "ನೂರ ನಲವತ್ತನಾಲ್ಕು."

ಅವರು ಪುಸ್ತಕ ಮುಚ್ಚಿ ಕನ್ನಡಕ ತೆಗೆದರು. ಪೀರಪ್ಪನವರ ಕಡೆ ತಿರುಗಿ, "ಪೀರಪ್ಪನೋರೇ, ನೀವು ಹೇಳಿದ್ದು ಸರಿ. ನನ್ನ ಪತ್ರ ವಾಪಸ್ ತಗೋತೀನಿ" ಎಂದರು. ಪೀರಪ್ಪನವರನ್ನು ಆ ಅಂಗಳದಲ್ಲಿ 'ಪೀರಪ್ಪನೋರೇ' ಎಂದು ಕರೆದ ಮೊದಲ ವ್ಯಕ್ತಿ ಅನಂತರಾಮು.

ಆದರೆ ಪೀರಪ್ಪ ಅಷ್ಟಕ್ಕೆ ಬಿಡಲಿಲ್ಲ. ಅವರ ಉತ್ತರ ನನಗೆ ಇವತ್ತಿಗೂ ನೆನಪಿದೆ. "ಪತ್ರ ವಾಪಸ್ ತಗೊಬ್ಯಾಡ್ರಿ ಸರ. ಕದ್ದಿಲ್ಲ ಅನ್ನೂದು ಖರೆ. ಕಡಿಮಿ ಅದ ಅನ್ನೂದೂ ಖರೆ. ನಾವು ಬಿಸಿ ಇದ್ದಾಗ ನೂರೈವತ್ತು ನೋಡಿ ನಿಲ್ಲಸ್ತೀವಿ. ಆರಿದ ಮ್ಯಾಲ ನೂರೈವತ್ತು ಇರ್ಬೇಕು. ಅದು ನಮ್ಮ ತಪ್ಪು, ತಿದ್ದಬೇಕು."

ಶೌಕತ್ ಸಾಹೇಬರು ತಮ್ಮ ಟೋಪಿ ತೆಗೆದು ತಲೆ ಸವರಿಕೊಂಡು, "ಅಚ್ಛಾ, ಹೇಗೆ ತಿದ್ತೀಯ ಹೇಳು" ಎಂದರು.

ನಿಧಾನವಾಗಿ ತುಂಬಬೇಕು, ಅವಸರ ಮಾಡಿದಷ್ಟೂ ಕಾಯುತ್ತದೆ. ತುಂಬಿ, ಎರಡು ಮೂರು ಗಂಟೆ ಆರಲು ಬಿಟ್ಟು, ಮತ್ತೆ ಮೇಲಕ್ಕೆ ತುಂಬಬೇಕು. ತಾಪ ಇಷ್ಟಿದ್ದರೆ ಮುಳ್ಳು ಇಷ್ಟಿರಬೇಕು ಎಂದು ಒಂದು ಪಟ್ಟಿ ಬೇಕು. ಪೀರಪ್ಪ ಇಷ್ಟನ್ನೂ ಅಲ್ಲೇ ನಿಂತು ಹೇಳಿದರು. ಮುಂದಿನ ಎರಡು ಭಾನುವಾರ ಕುಳಿತು ಆ ಪಟ್ಟಿಯನ್ನು ಮಾಡಿದೆವು. ಹತ್ತು ಡಿಗ್ರಿಯಿಂದ ಅರವತ್ತರವರೆಗೆ, ಒಂದೊಂದು ಡಿಗ್ರಿಗೂ ಒಂದು ಸಾಲು. ಲೆಕ್ಕ ಪೂರ್ತಿ ಅವರದು. ನಾನು ಬರೀ ಸರಿನೋಡಿದೆ. ಐವತ್ತೊಂದು ಸಾಲುಗಳಲ್ಲಿ ಎರಡು ತಪ್ಪು ಸಿಕ್ಕವು. ದಪ್ಪ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಎರಡು ಪ್ರತಿ ಬರೆದರು. ಒಂದು ಘಟಕದ ಗೋಡೆಗೆ, ಇನ್ನೊಂದು ಕಾಕ್ಸ್ ಟೌನಿಗೆ. ಅನಂತರಾಮು ತಮ್ಮ ಪ್ರತಿಗೆ ಕಟ್ಟು ಹಾಕಿಸಿ, ಕೆಳಗೆ "ಲೆಕ್ಕ: ಪೀರಪ್ಪ" ಎಂದು ಸಣ್ಣಗೆ ಬರೆಸಿದರು.

ಆ ಹೆಸರನ್ನು ನೋಡಬೇಕೆಂದು ಜಟ್ಟೆಮ್ಮ ಹಟ ಹಿಡಿದರು. ಜನವರಿಯ ಒಂದು ಬೆಳಿಗ್ಗೆ ನಾನೇ ಅವರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಅವರು ಹಬ್ಬದ ಇಳಕಲ್ ಸೀರೆ ಉಟ್ಟಿದ್ದರು. ಚರ್ಚಿನ ಪಕ್ಕದ ಬೀದಿಯಲ್ಲಿ ಆ ನರ್ಸಿಂಗ್ ಹೋಮ್. ಸ್ಟೋರ್ಸ್ ಕೋಣೆ ಹಿಂಭಾಗದಲ್ಲಿ. ಅನಂತರಾಮು ದೀಪ ಹಾಕಿ, "ಇಲ್ಲೇ ಇದೆ ನೋಡಿಯಮ್ಮ" ಎಂದು ತೋರಿಸಿ ಹೊರಗೆ ನಿಂತರು. ಜಟ್ಟೆಮ್ಮನವರಿಗೆ ಓದಲು ಬರುತ್ತಿರಲಿಲ್ಲ. ನಾನು ಬೆರಳಿಟ್ಟು ಹೆಸರು ತೋರಿಸಿದೆ. ಅವರು ಮೊದಲು ಅದನ್ನು ನೋಡಿ, ಆಮೇಲೆ ಪಟ್ಟಿಯ ಪ್ರತಿಯೊಂದು ಸಾಲನ್ನೂ ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದರು.

"ಇಷ್ಟೂ ಅವ್ರೇ ಬರದಾರೇನ್ರಿ?"

"ಇಷ್ಟೂ."

"ದಿನಾ ಎಷ್ಟು ಮಂದಿ ಇದನ್ನ ನೋಡ್ತಾರ?"

ಅನಂತರಾಮು ಬಾಗಿಲಿನಿಂದಲೇ, "ದಿನಾ ನಾನು ನೋಡ್ತೀನಮ್ಮ. ನೋಡದೆ ಒಂದು ಸಿಲಿಂಡರೂ ಒಳಗೆ ಬಿಡಲ್ಲ" ಎಂದರು. ಜಟ್ಟೆಮ್ಮ ಸೆರಗು ಸರಿಮಾಡಿಕೊಂಡು ತಲೆಯಾಡಿಸಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತ ಹೆಂಗಸಿಗೆ ತಮ್ಮ ಗಂಡನ ಲೆಕ್ಕ ಆಸ್ಪತ್ರೆಯ ಗೋಡೆಯ ಮೇಲೆ ಇದೆ ಎಂದು ಹೇಳಿದರು. ಆ ಹೆಂಗಸಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ, ತಮಿಳರು. ಆದರೂ ಇಳಿಯುವವರೆಗೂ ನಗುಮುಖದಿಂದ ಕೇಳಿದರು.

ಪೀರಪ್ಪ ೧೯೯೮ರಲ್ಲಿ ಪರೀಕ್ಷೆ ಬರೆದರು. ಇಂಗ್ಲಿಷ್ ಎರಡನೇ ಪ್ರಯತ್ನಕ್ಕೆ ಪಾಸಾಯಿತು. ವಿಜ್ಞಾನ ಮೊದಲ ಸಲವೇ ಎಪ್ಪತ್ತೆಂಟು. ನಮ್ಮ ಐವರಲ್ಲಿ ಅದೇ ಹೆಚ್ಚು. ಅಷ್ಟು ಹೊತ್ತಿಗೆ ಶೌಕತ್ ಸಾಹೇಬರು ಅವರನ್ನು ತುಂಬುವ ವಿಭಾಗದ ಮೇಲ್ವಿಚಾರಕರನ್ನಾಗಿ ಮಾಡಿದ್ದರು.

ಆಮೇಲೆ ಭಾನುವಾರದ ಪಾಠ ನಿಂತಿತು, ಆದರೆ ಪೀರಪ್ಪ ನಮ್ಮ ಮನೆಗೆ ಬರುವುದು ನಿಲ್ಲಲಿಲ್ಲ. ೨೦೦೧ರಲ್ಲಿ ಒಂದು ದಿನ ಮೂರು ನೋಟ್ ಪುಸ್ತಕಗಳನ್ನು ಮೇಜಿನ ಮೇಲಿಟ್ಟರು. ಮೂರು ವರ್ಷ ಪ್ರತಿ ಬೆಳಿಗ್ಗೆ ಒಂದು ಸಿಲಿಂಡರನ್ನು ಅಳೆದು ಬರೆದಿಟ್ಟಿದ್ದರು. ತಾಪ, ಲೆಕ್ಕದ ಒತ್ತಡ, ನಿಜವಾಗಿ ಬಂದ ಒತ್ತಡ.

"ಅವತ್ತು ಮೂರು ಕಡಿಮಿ ಬಂದಿತ್ತಲ್ರಿ. ಮಾಪಕದ ತಪ್ಪು ಅಂತ ನೀವು ಆಮೇಲೆ ಅಂದ್ರಿ. ನಾ ನಾಕು ಮಾಪಕ ಬದಲಾಯಿಸಿ ನೋಡಿದೆ. ಚಳಿ ಹೆಚ್ಚಾದಂಗ ಪ್ರತಿ ಸಲ ಕಡಿಮೀನೇ ಬರ್ತದ, ಒಮ್ಮೆನೂ ಹೆಚ್ಚು ಬಂದಿಲ್ಲ. ತಪ್ಪಾಗಿದ್ರ ಒಮ್ಮೆ ಹಿಂಗ, ಒಮ್ಮೆ ಹಂಗ ಬರಬೇಕಲ್ಲ?"

ನನಗೆ ನಾಚಿಕೆಯಾಯಿತು. ಮಾಪಕದ ತಪ್ಪು ಎಂದು ನಾನು ಹೇಳಿದ್ದು ಸೋಮಾರಿತನದಿಂದ. ಒಳಗಿನಿಂದ ನನ್ನ ಬಿ.ಎಸ್ಸಿ. ಪುಸ್ತಕ ತಂದೆ. ಈ ಸರಳ ನಿಯಮಗಳು ಕಡಿಮೆ ಒತ್ತಡದಲ್ಲಿ ಚೆನ್ನಾಗಿ ಹೊಂದುತ್ತವೆ. ಅನಿಲವನ್ನು ನೂರೈವತ್ತು ಪಟ್ಟು ಒತ್ತಿದಾಗ ಅದರ ಕಣಗಳು ಒಂದಕ್ಕೊಂದು ಎಷ್ಟು ಹತ್ತಿರ ಬರುತ್ತವೆಂದರೆ, ಅವುಗಳ ನಡುವಿನ ಸೆಳೆತವೂ ಅವು ತುಂಬಿಕೊಳ್ಳುವ ಜಾಗವೂ ಲೆಕ್ಕಕ್ಕೆ ಬರುತ್ತವೆ. ಆಗ ಸರಳ ನಿಯಮದಿಂದ ಸ್ವಲ್ಪ ದೂರ ಸರಿಯುತ್ತದೆ. ಆ ಅಧ್ಯಾಯದ ಸಮೀಕರಣವನ್ನು ಇಬ್ಬರೂ ಸೇರಿ ಹಾಕಿ ನೋಡಿದೆವು. ಅವರ ಪುಸ್ತಕದ ಸಂಖ್ಯೆಗಳಿಗೆ ತೀರ ಹತ್ತಿರದ ಉತ್ತರ ಬಂತು. ನನ್ನ ಯಾವ ವಿದ್ಯಾರ್ಥಿಯೂ ಈ ಅಧ್ಯಾಯಕ್ಕೆ ತನ್ನದೇ ಅಳತೆ ಹಿಡಿದು ಬಂದಿರಲಿಲ್ಲ. ನಾನು ಹಾಗೆಂದು ಅವರಿಗೆ ಹೇಳಿದೆ. ಅವರು ಪುಸ್ತಕಗಳನ್ನು ಒಂದರ ಮೇಲೊಂದು ನೇರವಾಗಿ ಜೋಡಿಸಿಕೊಂಡರು. ಒಂದು ತಿಂಗಳಲ್ಲಿ ಗೋಡೆಯ ಪಟ್ಟಿಗಳೆರಡೂ ಹೊಸ ಲೆಕ್ಕಕ್ಕೆ ಬದಲಾದವು.

೨೦೦೬ರಲ್ಲಿ ಸುತ್ತಮುತ್ತಲಿನ ಗ್ಯಾಸ್ ಘಟಕಗಳ ತುಂಬುವವರಿಗಾಗಿ ದೊಮ್ಮಲೂರಿನ ಒಂದು ಸಭಾಂಗಣದಲ್ಲಿ ಎರಡು ದಿನದ ತರಬೇತಿ ಏರ್ಪಾಡಾಯಿತು. ಏರ್ಪಾಡು ಮಾಡಿದ ಎಂಜಿನಿಯರ್ ಭಾರ್ಗವ್ ಎಂಬ ತರುಣರು. ಪೀರಪ್ಪನವರ ಪಟ್ಟಿಯನ್ನು ಎಲ್ಲೋ ನೋಡಿದ್ದ ಅವರು, ಮೊದಲ ದಿನ ಅರ್ಧ ಗಂಟೆ ಮಾತಾಡಲು ಕರೆದರು. ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಅರವತ್ತು ಜನರಿದ್ದರು, ಹೆಚ್ಚಿನವರು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರು. ಹೊಸೂರಿನ ಕಡೆಯಿಂದ ಬಂದ ಕೆಲವರು ತಮಿಳರು. ಪೀರಪ್ಪ ಅರ್ಧ ಮಾತನ್ನು ತಮಿಳಿನಲ್ಲೂ ಹೇಳಿದ್ದು ಕೇಳಿ ನನಗೆ ಆಶ್ಚರ್ಯವಾಯಿತು. ಹದಿನಾರು ವರ್ಷ ಜೊತೆಯಲ್ಲಿ ದುಡಿದವರಿಂದ ಕಲಿತದ್ದಂತೆ.

ಅರ್ಧ ಗಂಟೆ ಎರಡು ಗಂಟೆಯಾಯಿತು. ಯಾರೂ ಎದ್ದು ಹೋಗಲಿಲ್ಲ. ಬಿಸಿಲಲ್ಲಿ ಸಿಲಿಂಡರ್ ಯಾಕೆ ಬಿಡಬಾರದು, ವಾಲ್ವು ಯಾಕೆ ಸರಕ್ಕನೆ ತೆರೆಯಬಾರದು, ಬರೀ ಮುಳ್ಳು ನೋಡಿ ಯಾಕೆ ನಂಬಬಾರದು, ಒಂದೊಂದಕ್ಕೂ ಅವರು ಮೊದಲು ಕಾರಣ ಹೇಳಿ ಆಮೇಲೆ ನಿಯಮ ಹೇಳಿದರು. ಒಬ್ಬರು ಎದ್ದು, "ಅಣ್ಣಾ, ಇದನ್ನೆಲ್ಲ ಎಲ್ಲಿ ಕಲ್ತ್ರಿ?" ಎಂದು ಕೇಳಿದರು.

"ಐತವಾರದ ಸಾಲಿಯೊಳಗ" ಎಂದು ಪೀರಪ್ಪ ಹೇಳಿ, ನನ್ನ ಕಡೆ ಕೈ ಮಾಡಿ, "ಮೇಡಮ್ ಅವ್ರು ಅಲ್ಲಿ ಕುಂತಾರ" ಎಂದರು. ಅರವತ್ತು ತಲೆಗಳು ಒಮ್ಮೆಲೇ ತಿರುಗಿದವು. ಕಾಲೇಜಿನಲ್ಲಿ ನನಗೆ ಹೂಮಾಲೆ ಹಾಕಿ ಸನ್ಮಾನಿಸಿದ ದಿನವೂ ಆಗದ ಸಂಕೋಚ, ಸಂತೋಷ ಎರಡೂ ಆಗ ಆದವು.

ಮಾತು ಮುಗಿದ ಮೇಲೆ ಭಾರ್ಗವ್ ಹತ್ತಿರ ಬಂದು, "ನಾಳೆ ನನ್ನ ಪಾಠದ ಬದಲು ನೀವೇ ಮುಂದುವರಿಸ್ತೀರಾ ಸರ್? ಇವ್ರು ನಿಮ್ಮ ಮಾತನ್ನೇ ಕೇಳ್ತಾರೆ" ಎಂದರು. ಪೀರಪ್ಪ ಅಲ್ಲಿಂದಲೇ ಸಾಹೇಬರಿಗೆ ಫೋನ್ ಮಾಡಿ ಇನ್ನೊಂದು ದಿನದ ರಜೆ ಕೇಳಿದರು. ಸಾಹೇಬರ ದನಿ ಫೋನಿನಾಚೆಯಿಂದ ನನಗೂ ಕೇಳಿಸಿತು: "ಹೋಗು ಪೀರಪ್ಪ, ಆರಾಮಾಗಿ ಹೇಳ್ಕೊಟ್ಟು ಬಾ. ನಾಳೆ ಫಿಲ್ಲಿಂಗ್ ಹತ್ರ ನಾನೇ ನಿಂತ್ಕೋತೀನಿ."

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಪೀರಪ್ಪ ಮತ್ತೆ ಸಭಾಂಗಣದಲ್ಲಿದ್ದರು. ಹಿಂದಿನ ದಿನಕ್ಕಿಂತ ಹತ್ತು ಕುರ್ಚಿ ಹೆಚ್ಚು ಹಾಕಿಸಬೇಕಾಯಿತು.